ಹದಿನೈದನೇ ದಿನ ಲಂಗದ ಮೇಲೆ ಕಂಡ ಕಲೆ: ಕಾಸರಗೋಡಿನ ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ನಮ್ಮ ಗಡಿನಾಡಿನ ಗ್ರಾಮ ಪಂಚಾಯತುಗಳ ಅಧ್ಯಕ್ಷರಿಗೆ, ತಲಪಾಡಿ ಗಡಿಯಾಚೆ ಮಂಗಳೂರಿನಲ್ಲಿ ನಮ್ಮವರಿಗೆ ಬೆನ್ನಿನ ಆಪರೇಷನ್ ಮಾಡುವ ಡಾಕ್ಟರುಗಳಿಗೆ,

ನಮಸ್ಕಾರ.

ನಾನು ಬದಿಯಡ್ಕದ ಹತ್ತಿರ ಒಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಬೇರೆಯವರ ಅರ್ಜಿ ಟೈಪ್ ಮಾಡುವುದೇ ನನ್ನ ಕೆಲಸ. ರೇಷನ್ ಕಾರ್ಡಿಗೆ, ಪಿಂಚಣಿಗೆ, ಜಾಗದ ಪೋಕುವರವಿಗೆ (ಖಾತೆ ಬದಲಾವಣೆಗೆ) ಅಂತ ಜನ ಬರುತ್ತಾರೆ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲೋ ಮಲಯಾಳದಲ್ಲೋ ಬರೆದು ಕೊಡುತ್ತೇನೆ. ಈ ಸಲ ನನ್ನ ಮನೆಯ ವಿಷಯವನ್ನೇ ಬರೆಯುತ್ತಿದ್ದೇನೆ, ಬೆನ್ನಿನ ಆಪರೇಷನ್ ಆದ ಅಮ್ಮನ ಗಾಯಕ್ಕೆ ಸೋಂಕು ತಗಲಿದ ವಿಷಯ. ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ 59 ವರ್ಷ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಾಲು ಚಾಚಿ ಕೂತರೆ ಸಂಜೆ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೊತ್ತಿಗೇ ಏಳುವುದು. ಹತ್ತು ವರ್ಷದಿಂದ ಶುಗರ್ ಇದೆ. ಸೊಂಟನೋವು ಅದಕ್ಕಿಂತ ಹಳೆಯದು. ಕೊನೆ ಕೊನೆಗೆ ನೂರು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿದು ಎಲ್ಲಿದ್ದರೂ ಕುಕ್ಕರಿಸಿ ಕೂರಬೇಕಾಗುತ್ತಿತ್ತು. ಎಂಆರ್‌ಐ ಮಾಡಿದಾಗ ಸೊಂಟದ ಎಲ್4–ಎಲ್5 ಅನ್ನುವ ಕಡೆ ಒಂದು ಮೂಳೆ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿದೆ, ನರ ಒತ್ತಿಹೋಗಿದೆ ಅಂದರು. ಸ್ಕ್ರೂ, ರಾಡ್ ಹಾಕಿ ಆ ಎರಡು ಮೂಳೆ ಕೂಡಿಸಬೇಕು ಅಂತ ಆಯಿತು. ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಇದನ್ನು ನಾನು ಮೊದಲೇ ಹೇಳಬೇಕು. ಮರುದಿನ ಕಣ್ಣು ಬಿಟ್ಟ ಅಮ್ಮ ಕೇಳಿದ ಮೊದಲ ಮಾತು, "ಕಾಲಿನ ಸೆಳೆತ ಎಲ್ಲಿ ಹೋಯಿತು?" ಎರಡನೇ ದಿನ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದರು. ಐದನೇ ದಿನ ಮನೆಗೆ ಕಳಿಸಿದರು. ಕಾರಿನಲ್ಲಿ ಕೂತ ಅಮ್ಮ ಬರುವ ದಾರಿಯುದ್ದಕ್ಕೂ ಮುಂದಿನ ವರ್ಷ ಮಧೂರು ಜಾತ್ರೆಗೆ ನಡೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದರು.

ನಮ್ಮ ಕೈಯಲ್ಲಿ ಒಂದು ಕವರ್ ಇತ್ತು. ಅದರಲ್ಲಿ ನಾಲ್ಕು ಪುಟದ ಡಿಸ್ಚಾರ್ಜ್ ಸಮ್ಮರಿ, ಪೂರ್ತಿ ಇಂಗ್ಲಿಷಿನಲ್ಲಿ. ಗಾಯದ ಬಗ್ಗೆ ಇದ್ದದ್ದು ಒಂದೂವರೆ ಸಾಲು. ಗಾಯ ಒಣಗಿರಲಿ, ಹನ್ನೆರಡನೇ ದಿನ ಪಿನ್ (ಹೊಲಿಗೆಯ ಬದಲು ಗಾಯಕ್ಕೆ ಹಾಕಿದ್ದು) ತೆಗೆಸಿ, ರಿವ್ಯೂ ಆರು ವಾರಕ್ಕೆ ಅಥವಾ ಎಸ್‌ಒಎಸ್. ನಾನು ಇಂಗ್ಲಿಷ್ ಓದುತ್ತೇನೆ, ಟೈಪ್ ಮಾಡುತ್ತೇನೆ. ಆದರೂ ಆ ಎಸ್‌ಒಎಸ್ ಅನ್ನುವುದು ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಅದರ ಅರ್ಥ "ಬೇಕಾದರೆ ಬನ್ನಿ" ಅಂತ.

ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಯಾರು? ಅಮ್ಮನಾ, ನಾನಾ? ಏನು ಕಂಡರೆ ಬರಬೇಕು? ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಈ ಪ್ರಶ್ನೆಗೋಸ್ಕರ.

ಬೆನ್ನಿನ ಕೆಳಭಾಗದ ಗಾಯ ವಿಚಿತ್ರ ಜಾಗದಲ್ಲಿ ಇರುತ್ತದೆ. ಗಾಯ ಆದವರಿಗೆ ಅದು ಕಾಣುವುದಿಲ್ಲ. ಮಲಗಿದರೆ ಅದರ ಮೇಲೆಯೇ ಭಾರ, ಅಲ್ಲೇ ಬೆವರು. ಕಕ್ಕಸಿಗೆ ಹೋಗುವ ಜಾಗಕ್ಕೆ ಹತ್ತಿರ, ತೊಳೆಯುವಾಗ ನೀರು ತಾಗುತ್ತದೆ. ಹೆಂಗಸರಿಗಾದರೆ ಇನ್ನೊಂದು ಇದೆ, ಯಾವ ಡಾಕ್ಟರೂ ಹೇಳದ್ದು. ಲಂಗದ ಲಾಡಿ ಸರಿಯಾಗಿ ಆ ಗಾಯದ ಮೇಲೆಯೇ ಬಿಗಿಯುತ್ತದೆ. ಅದು ಜೂನ್ ತಿಂಗಳು. ಬಟ್ಟೆ ಒಣಗುತ್ತಿರಲಿಲ್ಲ. ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಅರೆಬರೆ ಒಣಗಿಸಿದ ಲಂಗ ಉಡುತ್ತಿದ್ದರು ಅಮ್ಮ. ಹಸಿ ಲಾಡಿ ದಿನವಿಡೀ ಗಾಯಕ್ಕೆ ಉಜ್ಜುತ್ತಿತ್ತು. ನೈಟಿ ಹಾಕಿ ಅಂತ ಒಬ್ಬರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹನ್ನೆರಡನೇ ದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಪಿನ್ ತೆಗೆಸಿದೆವು. ಗಾಯ ಚೆನ್ನಾಗಿದೆ ಅಂದರು. ಹದಿನೈದನೇ ದಿನ ಬೆಳಿಗ್ಗೆ ಬಟ್ಟೆ ಒಗೆಯಲು ತೆಗೆದುಕೊಂಡೆ. ಲಂಗದ ಹಿಂಭಾಗದಲ್ಲಿ, ಲಾಡಿಯ ಕೆಳಗೆ, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕಲೆ. ನಡುವೆ ಹಳದಿ, ಅಂಚಿನಲ್ಲಿ ಕಂದು. ಗಂಜಿ ಒಣಗಿದ ಹಾಗೆ ಬಟ್ಟೆ ಅಲ್ಲಿ ಗಟ್ಟಿಯಾಗಿತ್ತು. ಮೂಗಿಗೆ ಹತ್ತಿರ ತಂದೆ. ವಾಸನೆ ಇತ್ತು. ಬುಟ್ಟಿಯಲ್ಲಿದ್ದ ಹಿಂದಿನ ಮೂರು ಲಂಗ ತೆಗೆದು ನೋಡಿದೆ. ಮೂರರಲ್ಲೂ ಅದೇ ಜಾಗದಲ್ಲಿ ಕಲೆ. ಒಂದಕ್ಕಿಂತ ಒಂದು ದೊಡ್ಡದು.

ಅಮ್ಮನಿಗೆ ಗೊತ್ತಿತ್ತು. ಎರಡು ಮೂರು ದಿನದಿಂದ ಬೆನ್ನು ಕುಕ್ಕಿದ ಹಾಗೆ ಆಗುತ್ತಿತ್ತಂತೆ. "ನಿನಗೆ ಅಂಗಡಿ ಮುಚ್ಚಿಸುವುದು ಯಾಕೆ ಅಂತ ಹೇಳಲಿಲ್ಲ" ಅಂದರು. ಜ್ವರ ಇರಲಿಲ್ಲ. ಜ್ವರ ಇಲ್ಲ ಅಂದ ಮೇಲೆ ಏನಿಲ್ಲ ಅಂತ ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಇಲ್ಲಿ ಇನ್ನೊಂದು ಸಂಗತಿ. ಅದಕ್ಕೆ ಎರಡು ದಿನ ಮೊದಲು ಆರೋಗ್ಯ ಕೇಂದ್ರದ ಕಡೆಯಿಂದ ಒಬ್ಬರು ನರ್ಸ್ ಫೋನ್ ಮಾಡಿದ್ದರು. ಶುಗರ್ ಮಾತ್ರೆಯ ಲೆಕ್ಕ ಕೇಳಲು ಮಾಡಿದ ಫೋನ್. ಆಪರೇಷನ್ ಆದ ಸುದ್ದಿ ಅಮ್ಮನ ಬಾಯಿಂದ ಕೇಳಿ, ಒಳ್ಳೆಯ ಮನಸ್ಸಿನಿಂದ "ಪಳುಪ್ಪುಂಡೋ?" ಅಂತ ಕೇಳಿದರಂತೆ. ಕೀವು ಇದೆಯಾ ಅಂತ. ಅಮ್ಮನಿಗೆ ಸಂತೆಯ ಮಲಯಾಳ ಗೊತ್ತು, ಬಸ್ಸಿನ ಮಲಯಾಳ ಗೊತ್ತು. ಆ ಶಬ್ದ ಗೊತ್ತಿರಲಿಲ್ಲ. ಮನೆಯಲ್ಲಿ ನಾವು ತುಳು ಮಾತಾಡುತ್ತೇವೆ, ಓದುವುದು ಕನ್ನಡ. ಏನೋ ಕೇಳಿದರು, ಇಲ್ಲ ಅಂದುಬಿಟ್ಟರು. ನರ್ಸ್ ಅವರ ತಪ್ಪಿಲ್ಲ, ಅಮ್ಮನ ತಪ್ಪೂ ಇಲ್ಲ. "ಗಾಯದಿಂದ ನೀರು ಬರುತ್ತಿದೆಯಾ?" ಅಂತ ಕನ್ನಡದಲ್ಲಿ ಕೇಳಿದ್ದರೆ ಅಮ್ಮ ಹೌದು ಅನ್ನುತ್ತಿದ್ದರು.

ನಾವು ಮಾಡಿದ ತಪ್ಪುಗಳನ್ನೂ ಬರೆಯುತ್ತೇನೆ. ಮುಚ್ಚಿಟ್ಟರೆ ಈ ಪತ್ರ ಬರೆದು ಪ್ರಯೋಜನ ಇಲ್ಲ. ಕಲೆ ಕಂಡ ದಿನವೇ ಆಸ್ಪತ್ರೆಗೆ ಹೋಗಲಿಲ್ಲ. ಅಣ್ಣನ ಹಲ್ಲುನೋವಿಗೆ ತಂದು ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆ ಮನೆಯಲ್ಲಿತ್ತು, ಅದನ್ನು ಕೊಟ್ಟೆವು. ಪಕ್ಕದ ಮನೆಯವರು ಕಮ್ಯುನಿಸ್ಟ್ ಸೊಪ್ಪು ಅನ್ನುವ ಕಳೆಗಿಡದ ರಸ ಹಿಂಡಿ ಹಚ್ಚಿದರು. ಕತ್ತಿ ತಾಗಿದರೆ ಹಚ್ಚುವುದು ನಮ್ಮಲ್ಲಿ ರೂಢಿ ಅಲ್ವಾ. ನಂಜಾಗಿದೆ ಅಂತ ಮೀನು, ಮೊಟ್ಟೆ, ಬದನೆ ಎಲ್ಲ ನಿಲ್ಲಿಸಿ ಬರೀ ಗಂಜಿ, ಉಪ್ಪಿನಕಾಯಿ. ಮೂರು ದಿನ ಹೀಗೆ ಹೋಯಿತು. ಮಾತ್ರೆಯಿಂದ ಕಲೆ ಸ್ವಲ್ಪ ಕಡಿಮೆಯಾದ ಹಾಗೆ ಕಂಡಿತು. ನಾಲ್ಕನೇ ರಾತ್ರಿ ಅಮ್ಮನಿಗೆ ಮಗ್ಗುಲು ಬದಲಿಸಲು ಆಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಗಾಯದ ಪಕ್ಕ ಮೆಲ್ಲಗೆ ಒತ್ತಿದರು. ಮೇಲೆ ಸಣ್ಣ ತೂತು, ಒಳಗಿಂದ ಬಂದದ್ದು ಜಾಸ್ತಿ. ಅದೇ ದಿನ ಮತ್ತೆ ಆಪರೇಷನ್ ಥಿಯೇಟರಿಗೆ. ಗಾಯ ಪೂರ್ತಿ ಬಿಚ್ಚಿ, ಕೊಳೆತ ಭಾಗ ಕೆತ್ತಿ ತೆಗೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದರು. ಒಳಗಿನ ಮಾಂಸದ ತುಣುಕುಗಳನ್ನು ಕಲ್ಚರಿಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ನಾವು ಕೊಟ್ಟ ಮಾತ್ರೆಯಿಂದಾಗಿ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು, ಹಾಗಾದರೆ ಯಾವ ಔಷಧಿ ಕೊಡಬೇಕು ಅಂತ ಕತ್ತಲಲ್ಲಿ ಹುಡುಕಿದ ಹಾಗೆ ಆಗುತ್ತದೆ ಅಂತ ಡಾಕ್ಟರ್ ಹೇಳಿದರು. ಪುಣ್ಯಕ್ಕೆ ಬೆಳೆಯಿತು. ಸ್ಟೆಫಿಲೊಕಾಕಸ್ ಆರಿಯಸ್. ನಮ್ಮೆಲ್ಲರ ಚರ್ಮದ ಮೇಲೆ, ಮೂಗಿನೊಳಗೆ ಸುಮ್ನೆ ಇರಬಹುದಾದ ಬ್ಯಾಕ್ಟೀರಿಯಾ. ಬೆನ್ನಿನ ಆಪರೇಷನ್ ಗಾಯದಲ್ಲಿ ಹೆಚ್ಚಾಗಿ ಸಿಗುವುದೂ ಅದೇ ಅಂತೆ.

ಸ್ಕ್ರೂ, ರಾಡ್ ಯಾಕೆ ತೆಗೆಯುವುದಿಲ್ಲ ಅಂತ ಕೇಳಿದೆ. ಡಾಕ್ಟರ್ ಸಹನೆಯಿಂದ ಹೇಳಿದರು. ಮೂಳೆ ಇನ್ನೂ ಕೂಡಿಲ್ಲ, ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು, ಈಗ ತೆಗೆದರೆ ಸೊಂಟ ನಿಲ್ಲುವುದಿಲ್ಲ. ಆದರೆ ಲೋಹದ ಮೇಲೆ ಬ್ಯಾಕ್ಟೀರಿಯಾ ಲೋಳೆಯಂಥ ಒಂದು ಪದರ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಅಂಗಳದ ಕಲ್ಲಿಗೆ ಪಾಚಿ ಕಟ್ಟುತ್ತದಲ್ಲ, ಹಾಗೆ. ನೀರು ಹೊಯ್ದರೆ ಅದು ಹೋಗುವುದಿಲ್ಲ, ತಿಕ್ಕಬೇಕು. ಔಷಧಿಯೂ ಆ ಪದರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಬೇಗ ಬಂದರೆ ಪದರ ಎಳತಾಗಿರುತ್ತದೆ, ತೊಳೆದು ಔಷಧಿ ಕೊಟ್ಟರೆ ಹೆಚ್ಚಿನವರಿಗೆ ಲೋಹ ಉಳಿಸಿಕೊಂಡೇ ವಾಸಿಯಾಗುತ್ತದೆ. ತಡವಾದರೆ ಕಷ್ಟ. ಮೂರು ದಿನ ಕಾದ ನನಗೆ ಆ ಮಾತು ಕೇಳಿ ಗಂಟಲು ಕಟ್ಟಿತು.

ಆಮೇಲೆ ಆರು ವಾರ ರಕ್ತನಾಳಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್. ಮೊದಲ ಎರಡು ವಾರ ಆಸ್ಪತ್ರೆಯಲ್ಲೇ ಇದ್ದೆವು. ಮತ್ತೆ ದಿನಕ್ಕೆ ಒಂದೇ ಸಲ ಕೊಡುವ ಔಷಧಿಗೆ ಬದಲಾಯಿಸಿ, ನಿಮ್ಮ ಊರಿನಲ್ಲೇ ಹಾಕಿಸಿಕೊಳ್ಳಿ ಅಂದರು. ನಮ್ಮ ಕಡೆ ವಿಚಾರಿಸಿದರೆ, ಹೊರಗಿನ ಆಸ್ಪತ್ರೆಯ ಇಂಜೆಕ್ಷನ್ ಇಲ್ಲಿ ಕೊಡಲಾಗುವುದಿಲ್ಲ, ಏನಾದರೂ ಆದರೆ ಯಾರು ಜವಾಬ್ದಾರಿ ಅಂದರು. ಕೊನೆಗೆ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಒಂದು ತಿಂಗಳು ಇದ್ದೆವು. ದಿನಕ್ಕೆ ಅರ್ಧ ಗಂಟೆಯ ಒಂದು ಡ್ರಿಪ್ಪಿಗಾಗಿ ಒಂದು ತಿಂಗಳು. ಅಂಗಡಿ ಮುಚ್ಚಿತ್ತು. ಅಮ್ಮನ ಬೀಡಿಯ ಕೂಲಿಯಂತೂ ಇಲ್ಲ.

ಸೋಂಕು ಅಂದರೆ ಗಾಯ ಒಣಗಲು ಸ್ವಲ್ಪ ಜಾಸ್ತಿ ದಿನ ಹಿಡಿಯುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಆದದ್ದು ಬೇರೆ. ನಡೆಯಲು ಶುರು ಮಾಡಿದ್ದ ಅಮ್ಮ ಮತ್ತೆ ಹಾಸಿಗೆ ಹಿಡಿದರು. ಎರಡು ತಿಂಗಳಲ್ಲಿ ತೊಡೆ ಸೊರಗಿತು. ಸೋಂಕಿನಿಂದ ಶುಗರ್ ಏರಿತು, ಶುಗರಿನಿಂದ ಗಾಯ ಮಾಯುವುದು ನಿಧಾನವಾಯಿತು. ಔಷಧಿಯಿಂದ ಬಾಯಿರುಚಿ ಹೋಯಿತು, ತಿನ್ನದೆ ಮೈಯಲ್ಲಿ ಕಸು ಇಲ್ಲ. ಬೆನ್ನಿನ ಎರಡೂ ಪಕ್ಕದ ಮಾಂಸಖಂಡ ಎರಡು ಸಲ ಕೊಯ್ಸಿಕೊಂಡಿದೆ, ಅದು ಇವತ್ತಿಗೂ ಬಿಗಿ. ಸೋಂಕು ತಗಲಿದಲ್ಲಿ ಮೂಳೆ ಕೂಡುವುದು ತಡವಾಗಬಹುದು, ಕೂಡದೆಯೂ ಇರಬಹುದು, ಆಗ ಸ್ಕ್ರೂ ಸಡಿಲವಾಗುತ್ತದೆ. ಆ ಹೆದರಿಕೆಯಲ್ಲಿ ಮೂರು ತಿಂಗಳಿಗೊಮ್ಮೆ ಎಕ್ಸ್‌ರೇ. ಅಮ್ಮನನ್ನು ಎಲ್ಲಕ್ಕಿಂತ ಕುಗ್ಗಿಸಿದ್ದು ವಾಸನೆ. ಯಾರಾದರೂ ನೋಡಲು ಬಂದರೆ ಬೆನ್ನನ್ನು ಗೋಡೆಗೆ ಒತ್ತಿ ಮಲಗುತ್ತಿದ್ದರು. ತಂಗಿಯ ಮಗುವನ್ನು ಹತ್ತಿರ ಬರಲು ಬಿಡುತ್ತಿರಲಿಲ್ಲ.

ಈಗ ಒಂದು ವರ್ಷ ಕಳೆದಿದೆ. ಮೂಳೆ ಕೂಡುತ್ತಾ ಬಂದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಅಮ್ಮ ಅಂಗಳದಲ್ಲಿ ನಡೆಯುತ್ತಾರೆ. ಕಾಲಿನ ಸೆಳೆತ ಇಲ್ಲ. ನೆಲದ ಮೇಲೆ ಕೂತು ಬೀಡಿ ಕಟ್ಟಲು ಆಗುವುದಿಲ್ಲ.

ನಾನು ಯಾವ ಆಸ್ಪತ್ರೆಯ ಮೇಲೂ ದೂರು ಬರೆಯುತ್ತಿಲ್ಲ. ಎಷ್ಟು ಎಚ್ಚರ ವಹಿಸಿದರೂ ಕೆಲವರಿಗೆ ಸೋಂಕು ಆಗಿಯೇ ಆಗುತ್ತದೆ ಅಂತ ನನಗೆ ಈಗ ಗೊತ್ತು. ಬರೀ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೆಗೆಯುವ ಸಣ್ಣ ಆಪರೇಷನ್‌ನಲ್ಲಿ ಅದು ಕಡಿಮೆ. ಸ್ಕ್ರೂ, ರಾಡ್ ಹಾಕುವ ದೊಡ್ಡ ಆಪರೇಷನ್‌ನಲ್ಲಿ ಜಾಸ್ತಿ, ನೂರರಲ್ಲಿ ಕೆಲವರಿಗೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಜಾಸ್ತಿ ತೂಕ, ಸೊರಗಿದ ಮೈ, ತುಂಬ ಹೊತ್ತು ಹಿಡಿಯುವ ಆಪರೇಷನ್, ಇವೆಲ್ಲ ಅಪಾಯವನ್ನು ಏರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಆಪರೇಷನ್ ಗಾಯದ ಸೋಂಕು ತಡೆಯುವುದರ ಬಗ್ಗೆಯೇ ಒಂದು ಮಾರ್ಗಸೂಚಿ ಹೊರತಂದಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎಲ್ಲ ಬಗೆಯ ಆಪರೇಷನ್ ಸೇರಿಸಿ ನೂರಕ್ಕೆ 11 ಜನರಿಗೆ ಸೋಂಕು ಆಗುತ್ತದೆ ಅಂತ ಆಗ ಅದು ಹೇಳಿತ್ತು. ಆಪರೇಷನ್‌ಗೆ ಮೊದಲು ಸೋಪು ಹಾಕಿ ಸ್ನಾನ ಮಾಡಿಸಿ, ಕೂದಲನ್ನು ರೇಜರಿನಿಂದ ಬೋಳಿಸಬೇಡಿ, ಆಂಟಿಬಯೋಟಿಕ್ ಅನ್ನು ಚರ್ಮ ಕೊಯ್ಯುವ ಮೊದಲೇ ಕೊಡಿ, ಆಪರೇಷನ್ ಮುಗಿದ ಮೇಲೆ ಸೋಂಕು ತಡೆಯಲೆಂದು ಅದನ್ನೇ ದಿನಗಟ್ಟಲೆ ಮುಂದುವರಿಸಬೇಡಿ. ಹೀಗೆ ಥಿಯೇಟರಿನ ಒಳಗೆ, ಹೊರಗೆ ಮಾಡಬೇಕಾದ್ದು ಬೇಕಾದಷ್ಟು ಇದೆ. ಅದನ್ನು ಬಲ್ಲವರು ನೀವು.

ನಾನು ಕೇಳುತ್ತಿರುವುದು ಅಲ್ಲಿಂದ ಹೊರಗೆ ಬಂದ ಮೇಲಿನ ದಿನಗಳ ಬಗ್ಗೆ. ಆಪರೇಷನ್ ಗಾಯದ ಸೋಂಕು ಅಂತ ಲೆಕ್ಕ ಹಿಡಿಯಲು ವೈದ್ಯರೇ ಇಟ್ಟುಕೊಂಡ ಅವಧಿ ಇದೆ. ಚರ್ಮದ ಮಟ್ಟದ ಸೋಂಕಿಗೆ 30 ದಿನ. ಸ್ಕ್ರೂ, ರಾಡ್ ಹಾಕಿ ಮೂಳೆ ಕೂಡಿಸಿದಲ್ಲಿ ಆಳದ ಸೋಂಕಿಗೆ 90 ದಿನ. ಅಂದರೆ 90 ದಿನದವರೆಗೆ ಕಣ್ಣಿಡಬೇಕು ಅಂತ ವೈದ್ಯಲೋಕಕ್ಕೆ ಗೊತ್ತು. ಹೆಚ್ಚಿನ ಸೋಂಕು ಕಾಣಿಸಿಕೊಳ್ಳುವುದು ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ಅಂತಲೂ ಗೊತ್ತು. ಆದರೆ ನಮ್ಮನ್ನು ಐದನೇ ದಿನ ಮನೆಗೆ ಕಳಿಸಿ, ಮುಂದಿನ ಭೇಟಿಗೆ ಆರು ವಾರ ಅಂತ ಬರೆಯುತ್ತೀರಿ. ಸೋಂಕು ಬರುವ ದಿನಗಳು ಪೂರ್ತಿಯಾಗಿ ಆ ನಡುವೆ ಬಿದ್ದುಹೋಗಿವೆ. ಆ ದಿನಗಳಲ್ಲಿ ಗಾಯ ನೋಡುವವರು ಯಾರು?

ಬೇರೆ ಊರಿನವರಾದರೆ ಆಪರೇಷನ್ ಮಾಡಿದ ಆಸ್ಪತ್ರೆ, ಮನೆ ಹತ್ತಿರದ ಆರೋಗ್ಯ ಕೇಂದ್ರ ಎರಡೂ ಒಂದೇ ರಾಜ್ಯದಲ್ಲಿ ಇರುತ್ತವೆ. ನಮ್ಮದು ಹಾಗಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಆದರೂ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ನಮ್ಮ ಕಾಲು ತಿರುಗುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ರಸ್ತೆಯಲ್ಲೇ ನಿಂತದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಅದು ಪೂರ್ತಿ ಬೆಳೆದು ಎಲ್ಲ ಆಪರೇಷನ್ ಇಲ್ಲೇ ಆಗಲಿ ಅಂತ ನಮಗೂ ಆಸೆ. ಅಲ್ಲಿಯವರೆಗೆ ನಮ್ಮವರು ಗಡಿ ದಾಟಿ ಹೋಗಿ, ಹೊಲಿಗೆ ಹಾಕಿಸಿಕೊಂಡು, ಗಡಿ ದಾಟಿ ಬರುತ್ತಲೇ ಇರುತ್ತಾರೆ. ಹಾಗೆ ಬಂದವರ ಸುದ್ದಿ ಆ ಕಡೆಯಿಂದ ಈ ಕಡೆಗೆ ಯಾರೂ ಮುಟ್ಟಿಸುವುದಿಲ್ಲ.

ಮಂಗಳೂರಿನ ಡಾಕ್ಟರುಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ಕಾಸರಗೋಡಿನ ರೋಗಿಯನ್ನು ಮನೆಗೆ ಕಳಿಸುವಾಗ ಅವರ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಒಂದು ಸಣ್ಣ ಚೀಟಿ ಬರೆದು ಕೊಡಿ. ಇಂಥ ದಿನ ಇಂಥ ಆಪರೇಷನ್ ಆಗಿದೆ, ಲೋಹ ಹಾಕಿದೆ ಅಥವಾ ಹಾಕಿಲ್ಲ, ಶುಗರ್ ಇದೆ ಅಥವಾ ಇಲ್ಲ, ಈ ದಿನಗಳಲ್ಲಿ ಗಾಯ ನೋಡಿ, ಸಂಶಯ ಬಂದರೆ ಈ ನಂಬರಿಗೆ ಗಾಯದ ಫೋಟೋ ಕಳಿಸಿ ಅಂತ. ಆ ನಂಬರಿಗೆ ಉತ್ತರ ಕೊಡುವವರು ಒಬ್ಬರು ಇರಲಿ. ಎಸ್‌ಒಎಸ್ ಅಂತ ಬರೆಯುವ ಜಾಗದಲ್ಲಿ, ಏನು ಕಂಡರೆ ಬರಬೇಕು ಅಂತ ನಾಲ್ಕು ಸಾಲು ಬರೆಯಿರಿ.

ಜಿಲ್ಲಾ ವೈದ್ಯಾಧಿಕಾರಿಗಳೇ, ಪಂಚಾಯತಿನವರೇ, ಮನೆಗೆ ಹೋಗಿ ರೋಗಿಯನ್ನು ನೋಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಪಂಚಾಯತಿನ ಪಾಲಿಯೇಟಿವ್ ನರ್ಸುಗಳು ಹಾಸಿಗೆ ಹಿಡಿದವರ ಮನೆಗೆ ಜೀಪಿನಲ್ಲಿ ಹೋಗುತ್ತಾರೆ. ಕೀಟನಾಶಕ ಎಂಡೋಸಲ್ಫಾನ್‌ನಿಂದ ನರಳಿದ ಮನೆಗಳಿಗೆ ಅವರು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಣ್ಣು ತೊಳೆಯುವುದರಲ್ಲಿ, ಡ್ರೆಸ್ಸಿಂಗ್ ಮಾಡುವುದರಲ್ಲಿ ಅವರಷ್ಟು ಕೈ ಪಳಗಿದವರು ಬೇರೆ ಇಲ್ಲ. ಬೆನ್ನಿನ ಆಪರೇಷನ್ ಆಗಿ ಬಂದವರ ಮನೆಗೂ ಅವರು ಹತ್ತನೇ ದಿನ, ಹದಿನೈದನೇ ದಿನ, ಇಪ್ಪತ್ತೊಂದನೇ ದಿನ ಒಮ್ಮೆ ಹೋಗಿ ಗಾಯ ನೋಡಲಿ. ಹತ್ತು ನಿಮಿಷದ ಕೆಲಸ. ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಅಕ್ಕನಿಗೆ ಯಾರ ಮನೆಯಲ್ಲಿ ಯಾರಿಗೆ ಏನು ಆಪರೇಷನ್ ಆಗಿದೆ ಅಂತ ಪೂರ್ತಿ ಗೊತ್ತಿರುತ್ತದೆ. ಅದನ್ನು ಬರೆದುಕೊಳ್ಳಲು ಅವರ ಪುಸ್ತಕದಲ್ಲಿ ಒಂದು ಕಾಲಮ್ ಬೇಕು, ಅಷ್ಟೇ.

ರಕ್ತ ಪರೀಕ್ಷೆಯ ವಿಷಯ. ಸಿಆರ್‌ಪಿ ಅನ್ನುವ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಪರೀಕ್ಷೆ ಇದೆ. ಆಪರೇಷನ್ ಆದ ಎರಡು ಮೂರು ದಿನದಲ್ಲಿ ಅದು ಎಲ್ಲರಿಗೂ ಏರುತ್ತದೆ, ಆಮೇಲೆ ಇಳಿಯುತ್ತಾ ಸುಮಾರು ಎರಡು ವಾರದಲ್ಲಿ ಸರಿಯಾಗುತ್ತದೆ. ಇಳಿದದ್ದು ಮತ್ತೆ ಏರಿದರೆ ಸಂಶಯಪಡಬೇಕು. ಒಂದೇ ಸಲ ಮಾಡಿಸಿದರೆ ಏನೂ ತಿಳಿಯುವುದಿಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು. ಇದು ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಹೊರಗೆ ಏನೂ ಕಾಣದ ಸೋಂಕಿಗೆ. ಬರೀ ಡಿಸ್ಕ್ ತೆಗೆಸಿಕೊಂಡವರಲ್ಲಿ ಕೆಲವೊಮ್ಮೆ ಗಾಯ ಚೆನ್ನಾಗಿ ಮಾಯ್ದಿರುತ್ತದೆ, ಜ್ವರವೂ ಇರುವುದಿಲ್ಲ. ಎರಡು ಮೂರು ವಾರ ಆದ ಮೇಲೆ ಇದ್ದಕ್ಕಿದ್ದ ಹಾಗೆ ಸೊಂಟದಲ್ಲಿ ಪ್ರಾಣ ಹೋಗುವ ನೋವು, ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗುವುದಿಲ್ಲ. ಡಿಸ್ಕ್ ಇದ್ದ ಜಾಗದಲ್ಲೇ ಸೋಂಕು. ನಮ್ಮ ಕಡೆ ಅಡಿಕೆ ಮರ ಏರುವ ಹುಡುಗರಲ್ಲಿ ಡಿಸ್ಕ್ ಆಪರೇಷನ್ ಆದವರು ಎಷ್ಟು ಜನ ಇದ್ದಾರೆ! ಅವರಿಗೆ ಹೀಗಾದರೆ ಉಳುಕಿದೆ ಅಂತ ಎಣ್ಣೆ ಹಾಕಿ ತಿಕ್ಕಿಸಲು ಕರೆದುಕೊಂಡು ಹೋಗುತ್ತೇವೆ. ಅದಕ್ಕೆ ಮೊದಲು ರಕ್ತ ಪರೀಕ್ಷೆ, ಎಂಆರ್‌ಐ ಆಗಬೇಕು.

ಇಂಜೆಕ್ಷನ್ ಬಗ್ಗೆ ಮೇಲೆ ಬರೆದಿದ್ದೇನೆ. ಕಲ್ಚರ್ ರಿಪೋರ್ಟ್ ಇದೆ, ತಜ್ಞರ ಚೀಟಿ ಇದೆ, ಔಷಧಿ ನಾವೇ ತರುತ್ತೇವೆ. ಮೊದಲ ಡೋಸುಗಳನ್ನು ಆಸ್ಪತ್ರೆಯಲ್ಲಿ ಕೊಟ್ಟು ಅಲರ್ಜಿ ಇಲ್ಲ ಅಂತ ನೋಡಿ ಆಗಿದೆ. ಅಂಥವರಿಗೆ ದಿನಕ್ಕೊಂದು ಡ್ರಿಪ್ಪನ್ನು ತಾಲೂಕು ಆಸ್ಪತ್ರೆಯಲ್ಲೋ ಕುಟುಂಬ ಆರೋಗ್ಯ ಕೇಂದ್ರದಲ್ಲೋ ಹಾಕಬಹುದು ಅಂತ ಒಂದು ಸ್ಪಷ್ಟ ಆದೇಶ ಹೊರಡಿಸಿ. ನರ್ಸಿಗೂ ಹೆದರಿಕೆ ಇರುವುದಿಲ್ಲ, ನಮಗೂ ಬಾಡಿಗೆ ಕೋಣೆ ಬೇಡ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು 2024ರಲ್ಲಿ ಆಪರೇಷನ್ ಅಮೃತ್ ಅಂತ ಮೆಡಿಕಲ್ ಶಾಪುಗಳ ತಪಾಸಣೆ ಶುರುವಾಯಿತು. ಅದು ಒಳ್ಳೆಯ ಕೆಲಸ. ನಮ್ಮ ಮನೆಯಲ್ಲಿ ಆದದ್ದು ನೋಡಿದ ಮೇಲೆ ಅದರ ಬೆಲೆ ನನಗೆ ಗೊತ್ತಾಗಿದೆ. ಬೇಡದ ಮಾತ್ರೆ ತಡೆಯುವಷ್ಟೇ ಕಾಳಜಿಯಿಂದ, ಬೇಕಾದ ಇಂಜೆಕ್ಷನ್ ಹತ್ತಿರದಲ್ಲಿ ಸಿಗುವ ಹಾಗೆ ಮಾಡಿ.

ಇನ್ನು ಭಾಷೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅರ್ಜಿ ಟೈಪ್ ಮಾಡುವ ನನಗೆ ಆ ಮಾತು ಬಾಯಿಪಾಠ. ಅರ್ಜಿಗೆ ಕನ್ನಡದಲ್ಲಿ ಉತ್ತರ ಕೊಡುವುದು ನಿಯಮ ಆದರೆ, ಜೀವಕ್ಕೆ ಬೇಕಾದ ಒಂದು ಪುಟದ ಸೂಚನೆ ಕನ್ನಡದಲ್ಲಿ ಕೊಡುವುದು ಕಷ್ಟ ಆಗಬಾರದು ಅಲ್ವಾ? ಆ ಕನ್ನಡ ಕೂಡ ನಮ್ಮ ಕನ್ನಡವಾಗಿರಲಿ. "ಶಸ್ತ್ರಚಿಕಿತ್ಸಾ ಸ್ಥಳದ ಸೋಂಕಿನ ಲಕ್ಷಣಗಳು" ಅಂತ ಬರೆದರೆ ಅಮ್ಮ ಮಡಚಿ ದೇವರ ಫೋಟೋದ ಹಿಂದೆ ಇಡುತ್ತಾರೆ.

ನಮ್ಮ ಊರಿನವರಿಗೂ ಎರಡು ಮಾತು. ನಂಜಿನ ಹೆದರಿಕೆಯಿಂದ ಆಪರೇಷನ್ ಆದವರಿಗೆ ಗಂಜಿ ಮಾತ್ರ ಕೊಡಬೇಡಿ. ಹೊಸ ಮಾಂಸ ಬೆಳೆಯಲು ಪ್ರೋಟೀನ್ ಬೇಕು. ಮೊಟ್ಟೆ, ಬಂಗುಡೆ, ಹೆಸರುಕಾಳು, ಕಡಲೆ, ಮೊಸರು, ನಿಮ್ಮ ಮನೆಯಲ್ಲಿ ತಿನ್ನುವಂಥದ್ದನ್ನು ಕೊಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ. ನಮ್ಮ ಅಮ್ಮನ ಗಾಯ ತುಂಬಲು ಶುರುವಾದದ್ದು ಊಟ ಸರಿಯಾದ ಮೇಲೆ. ಆಪರೇಷನ್ ದಿನ ಗೊತ್ತಾದ ಕೂಡಲೇ ಶುಗರ್ ಹತೋಟಿಗೆ ತನ್ನಿ, ಬೀಡಿ ಸೇದುವವರು ಕಡಿಮೆ ಅಂದರೆ ನಾಲ್ಕು ವಾರ ಮೊದಲೇ ಬಿಡಿ. ಸೊಪ್ಪಿನ ರಸ, ಅರಸಿನ, ಎಣ್ಣೆ ಯಾವುದನ್ನೂ ಆ ಗಾಯಕ್ಕೆ ಹಚ್ಚಬೇಡಿ. ಕತ್ತಿ ತಾಗಿದ ಗಾಯ ಬೇರೆ, ಒಳಗೆ ಲೋಹ ಇಟ್ಟ ಗಾಯ ಬೇರೆ.

ಆ ಒಂದು ಪುಟ ಹೇಗಿರಬೇಕು ಅಂತ ನಾನೇ ಬರೆದು ನೋಡಿದ್ದೇನೆ:

"ನಿಮ್ಮ ಬೆನ್ನಿನ ಗಾಯ ನಿಮಗೆ ಕಾಣುವುದಿಲ್ಲ. ಮನೆಯಲ್ಲಿ ಒಬ್ಬರು ಕೈ ತೊಳೆದುಕೊಂಡು ದಿನಕ್ಕೊಮ್ಮೆ ನೋಡಲಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಲಿ. ನಿನ್ನೆಯ ಫೋಟೋದ ಪಕ್ಕ ಇಟ್ಟು ನೋಡಿ. ಪಿನ್ ತೆಗೆದ ಮೇಲೂ ನೋಡುವುದನ್ನು ನಿಲ್ಲಿಸಬೇಡಿ. ನೀರಿನಂಥದ್ದು, ಹಳದಿ, ಕಂದು, ಯಾವುದು ಬಂದರೂ, ಬಟ್ಟೆಗೆ ಕಲೆ ಆದರೂ, ಅದೇ ದಿನ ಫೋನ್ ಮಾಡಿ. ಗಾಯದ ಸುತ್ತ ಕೆಂಪಾಗಿ ಬಿಸಿಯಾದರೆ, ಊದಿದರೆ, ಬಾಯಿ ಬಿಟ್ಟರೆ ಫೋನ್ ಮಾಡಿ. ಕಡಿಮೆಯಾಗುತ್ತಿದ್ದ ನೋವು ಮತ್ತೆ ಜಾಸ್ತಿಯಾದರೆ, ಗಾಯ ಚೆನ್ನಾಗಿ ಕಂಡರೂ ಫೋನ್ ಮಾಡಿ. ಜ್ವರ ಇಲ್ಲ ಅಂತ ಸುಮ್ಮನಿರಬೇಡಿ. ಕಾಲಿನಲ್ಲಿ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ, ಚಳಿ ಹಿಡಿದು ನಡುಗಿದರೆ ಫೋನ್ ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿರುವ ಆಂಟಿಬಯೋಟಿಕ್ ನುಂಗಬೇಡಿ. ಲಂಗದ ಲಾಡಿ, ಪಂಚೆಯ ಗಂಟು, ಬೆಲ್ಟು ಗಾಯದ ಮೇಲೆ ಬರದಿರಲಿ. ಪೂರ್ತಿ ಒಣಗಿದ ಬಟ್ಟೆಯನ್ನೇ ಉಡಿ. ಯಾರಿಗೂ ತೊಂದರೆ ಕೊಡಬಾರದು ಅಂತ ಮುಚ್ಚಿಡಬೇಡಿ."

ಇದರಲ್ಲಿ ವೈದ್ಯರ ದೃಷ್ಟಿಯಿಂದ ಬಿಟ್ಟುಹೋದದ್ದು, ತಪ್ಪಿದ್ದು ಇರಬಹುದು. ನೀವು ತಿದ್ದಿ, ಸಹಿ ಹಾಕಿ ಕಳಿಸಿ. ಅಕ್ಷರ ಜೋಡಿಸುವುದು ನನ್ನ ಕೆಲಸ. ವಯಸ್ಸಾದವರಿಗೂ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ, ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮಲಯಾಳ ಹಾಕಿ ಕೊಡುತ್ತೇನೆ. ಮೊದಲ ಐನೂರು ಪ್ರತಿಗೆ ಕಾಗದವೂ ನನ್ನದೇ. ಫೋನ್ ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬಬೇಕಾದವರು ನೀವು.

ಇಂತಿ,
ಬದಿಯಡ್ಕ ಕಡೆಯ ಡಿಟಿಪಿ ಅಂಗಡಿಯವಳು